ನೆರಳಿನ ಹೂವಿನ ಬೀಜ ತರಿಸುವವರೇ, ಪೊಟ್ಟಣ ಬಂದ ದಿನವೇ ಒಡೆದು ನೋಡಿ

"ಬಿಸಿಲೇ ಬೇಡ, ಮರದಡಿಯಲ್ಲೂ ವರ್ಷವಿಡೀ ಹೂ, 12 ಬಗೆಯ ಬೀಜ" ಅಂತ ಮೊಬೈಲಿನಲ್ಲಿ ಜಾಹೀರಾತು ಬರುತ್ತಲ್ಲ, ಅದನ್ನು ನಂಬಿ ದುಡ್ಡು ಹಾಕುವ ಮುಂಚೆ ಇದನ್ನೊಮ್ಮೆ ಓದಿ. ಆಲ್ದೂರು, ಮೂಡಿಗೆರೆ, ಸಕಲೇಶಪುರದ ಕಡೆ ಮನೆ ಇರುವವರಿಗಂತೂ ಆಸೆ ಹುಟ್ಟುವುದು ಸಹಜ. ಮನೆ ಸುತ್ತ ಹಲಸು, ಸಿಲ್ವರ್ ಓಕ್, ಅದರಾಚೆ ಕಾಫಿ. ಸೇವಂತಿಗೆ, ಚೆಂಡುಹೂವಿಗೆ ಬೇಕಾದಷ್ಟು ಬಿಸಿಲು ಬೀಳುವುದು ಅಂಗಳದ ಒಂದು ತುಂಡಿಗೆ ಮಾತ್ರ. ಹಿತ್ತಲಿಗೆ ಏನು ಹಾಕುವುದು?

ನಾನು ತರಿಸಿದ್ದು ನೆರಳಲ್ಲಿ ಹೂ ಬಿಡುವ ಬಿಗೋನಿಯಾ, ಇಂಪೇಷನ್ಸ್, ಬಣ್ಣದೆಲೆಯ ಕೋಲಿಯಸ್ ಎಂದು ಹೆಸರು ಬರೆದಿದ್ದ ಪೊಟ್ಟಣಗಳು. ಬಂದದ್ದು ಸಾಸಿವೆ, ಕರ್ಣಕುಂಡಲ, ಹರಿವೆ ಸೊಪ್ಪು! ಕೆಂಪೆಲೆಯ ಸಸಿ ನೋಡಿ ಕೋಲಿಯಸ್ಸೇ ಅಂದುಕೊಂಡು ನೀರು ಹಾಕುತ್ತಿದ್ದೆ. ಒಂದು ದಿನ ನಮ್ಮ ಅತ್ತೆ ಒಂದು ಎಲೆ ಕಿತ್ತು ನೋಡಿ, "ಇದು ಹರಿವೆ ಅಲ್ವೇನೇ? ಪಲ್ಯ ಮಾಡು" ಅಂದರು. ಮಾಡಿದೆ. ಆ ಪಾರ್ಸೆಲ್ಲಿನಿಂದ ನಮಗೆ ದಕ್ಕಿದ್ದು ಅಷ್ಟೇ. ಕರ್ಣಕುಂಡಲವೂ ಇಂಪೇಷನ್ಸ್ ಕುಲದ್ದೇ, ಅದು ನಿಜ. ಆದರೆ ಅದಕ್ಕೆ ಬಿಸಿಲು ಬೇಕು. ಹಲಸಿನ ಮರದಡಿ ಕಡ್ಡಿಯಂತೆ ಉದ್ದ ಹೋಗಿ, ಅಲ್ಲೊಂದು ಇಲ್ಲೊಂದು ಹೂ ಬಿಟ್ಟು, ಮಳೆಗೆ ಮಲಗಿತು.

ಈ ಮೋಸ ನಡೆಯುವುದು ಸಮಯದ ಲೆಕ್ಕಾಚಾರದ ಮೇಲೆ. ವಾಪಸ್ ಮಾಡಲು ಕೊಡುವುದು 7 ದಿನ. ನಿಜವಾದ ಬಿಗೋನಿಯಾ ಮೊಳೆಯುವುದಕ್ಕೇ ಎರಡು ಮೂರು ವಾರ ಬೇಕು. ಮೊಳೆತದ್ದು ಯಾವ ಗಿಡ ಅಂತ ಗುರುತು ಹತ್ತಲು ಇನ್ನಷ್ಟು ದಿನ. ಆಗ ದೂರು ಕೊಟ್ಟರೆ, "ಅವಧಿ ಮುಗಿದಿದೆ ಮೇಡಂ, ಮೊಳಕೆ ನಿಮ್ಮ ಮಣ್ಣು, ಹವಾಮಾನದ ಮೇಲೆ ಹೋಗುತ್ತೆ" ಅನ್ನುತ್ತಾರೆ. ಮೊಳಕೆ ಚೆನ್ನಾಗಿಯೇ ಬಂದಿದೆಯಪ್ಪ, ಬಂದಿರುವುದು ಸಾಸಿವೆ ಅಂದರೆ ಆ ಕಡೆಯಿಂದ ಉತ್ತರವಿಲ್ಲ. ಆಮೇಲೆ ಅಲ್ಲಿನ ಐದು ನಕ್ಷತ್ರದ ಅಭಿಪ್ರಾಯಗಳನ್ನು ಓದುತ್ತಾ ಹೋದೆ. ಹೆಚ್ಚಿನವು ಪಾರ್ಸೆಲ್ ಬಂದ ದಿನವೇ ಬರೆದವು. "ಪ್ಯಾಕಿಂಗ್ ಚೆನ್ನಾಗಿದೆ", "ಬೇಗ ಬಂತು". ಹೂವಿನ ಸುದ್ದಿಯೇ ಇಲ್ಲ.

ಹಾಗಾಗಿ ಬಿತ್ತುವ ಮೊದಲೇ ಬಿಳಿ ಹಾಳೆಯ ಮೇಲೆ ಬೀಜ ಸುರಿದು ನೋಡಿ. ಬಿಗೋನಿಯಾ ಬೀಜ ಧೂಳಿದ್ದ ಹಾಗೆ, ಒಂದು ಗ್ರಾಮಿಗೆ ಸುಮಾರು 70,000 ತೂಗುತ್ತದೆ. ಜೋರಾಗಿ ಉಸಿರು ಬಿಟ್ಟರೆ ಹಾರಿಹೋಗಬೇಕು. ಎಣಿಸಲು ಬರುವ ಗುಂಡು ಕಾಳಾಗಿದ್ದರೆ ಒಂದೋ ಅದು ಬೇರೆ ಬೀಜ, ಇಲ್ಲವೇ ಜೇಡಿಮಣ್ಣು ಲೇಪಿಸಿದ ಪೆಲೆಟ್. ಒಳ್ಳೆಯ ಕಂಪನಿಗಳು ಪೆಲೆಟ್ ಮಾಡಿಯೂ ಮಾರುತ್ತವೆ, ಆದ್ದರಿಂದ ಒಂದು ಕಾಳಿನ ಮೇಲೆ ಒಂದು ಹನಿ ನೀರು ಬಿಡಿ. ಪೆಲೆಟ್ ಆದರೆ ಮೆತ್ತಗಾಗಿ ಒಡೆಯುತ್ತದೆ, ಸಾಸಿವೆಯಾದರೆ ಸಾಸಿವೆಯಾಗಿಯೇ ಉಳಿಯುತ್ತದೆ. ಇಂಪೇಷನ್ಸ್ ಬೀಜವೂ ಸಣ್ಣದೇ, ಗ್ರಾಮಿಗೆ 2,000ದ ಆಸುಪಾಸು. ಕರ್ಣಕುಂಡಲದ ಬೀಜ ಅದಕ್ಕಿಂತ ಎಷ್ಟೋ ದಪ್ಪ, ಪಕ್ಕದಲ್ಲಿಟ್ಟರೆ ಮಕ್ಕಳೂ ಹೇಳುತ್ತಾರೆ.

ಕೋಲಿಯಸ್ ಬೀಜಕ್ಕೂ ಹರಿವೆ ಬೀಜಕ್ಕೂ ಬರಿಗಣ್ಣಿಗೆ ಅಂಥ ವ್ಯತ್ಯಾಸ ಕಾಣುವುದಿಲ್ಲ, ಅಲ್ಲಿ ಸಸಿಯನ್ನೇ ಕಾಯಬೇಕು. ಕೋಲಿಯಸ್ ತುಳಸಿ ವಂಶದ್ದು. ಕಾಂಡ ಬೆರಳಲ್ಲಿ ಹೊರಳಿಸಿದರೆ ಚೌಕ ಸಿಗುತ್ತದೆ, ಎಲೆಗಳು ಎದುರುಬದುರಾಗಿ ಜೋಡಿಯಲ್ಲಿ ಬರುತ್ತವೆ. ಹರಿವೆಗೆ ಇದೆರಡೂ ಇಲ್ಲ.

ಜೊತೆಗೆ ಬರುವ ಚೀಟಿಯನ್ನೂ ಓದಿ. ನನಗೆ ಬಂದದ್ದರಲ್ಲಿ ಎಲ್ಲ ಬೀಜಕ್ಕೂ ಒಂದೇ ಮಾತು: ಒಂದು ಇಂಚು ಆಳಕ್ಕೆ ಬಿತ್ತಿ. ಬಿಗೋನಿಯಾ, ಇಂಪೇಷನ್ಸ್ ಬೀಜ ಮೊಳೆಯಲು ಬೆಳಕು ಬೇಕು. ಮಣ್ಣಿನ ಮೇಲೆ ಉದುರಿಸಿ ಮೆಲ್ಲಗೆ ಒತ್ತಬೇಕೇ ಹೊರತು ಹೂಳಬಾರದು. ಹಾಗೆ ಬರೆದವರಿಗೆ ತಾವು ಮಾರುತ್ತಿರುವುದು ಏನೆಂದೇ ಗೊತ್ತಿಲ್ಲ. ಚಿತ್ರದಲ್ಲಿ ನೀಲಿ ಬಿಗೋನಿಯಾ ಇದ್ದರಂತೂ ಪೊಟ್ಟಣ ಮುಟ್ಟುವುದೇ ಬೇಡ, ಬಿಗೋನಿಯಾದಲ್ಲಿ ನೀಲಿ ಹೂವೇ ಇಲ್ಲ. ನೆರಳಲ್ಲಿ ನೀಲಿ ಬೇಕೆಂದರೆ ಟೊರೇನಿಯಾ ಇದೆ. ಮಲೆನಾಡಿನ ತೇವಕ್ಕೆ ಹೊಂದಿಕೊಳ್ಳುತ್ತದೆ, ಒಮ್ಮೆ ಹೂ ಬಿಟ್ಟರೆ ತಾನೇ ಬೀಜ ಉದುರಿಸಿ ಮತ್ತೆ ಹುಟ್ಟುತ್ತದೆ.

ಈಗಾಗಲೇ ತರಿಸಿದ್ದೀರಾದರೆ ಪೊಟ್ಟಣ ಒಡೆಯುವುದನ್ನು ವಿಡಿಯೋ ಮಾಡಿಕೊಳ್ಳಿ, ಬೀಜದ ಪಕ್ಕ ಒಂದು ರೂಪಾಯಿ ನಾಣ್ಯ ಇಟ್ಟು ಫೋಟೋ ತೆಗೆಯಿರಿ, 7 ದಿನದೊಳಗೇ ದೂರು ಹಾಕಿ. ಮಾರಿದವರು ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಇಷ್ಟೆಲ್ಲ ಆದ ಮೇಲೆ ಹೇಳಬೇಕಾದ್ದು, ಈ ಮೂರಕ್ಕೂ ನಮ್ಮೂರಲ್ಲಿ ಬೀಜವೇ ಬೇಡ. ಇಂಪೇಷನ್ಸ್, ಕೋಲಿಯಸ್, ಬಿಗೋನಿಯಾ ಮೂರೂ ಕಡ್ಡಿಯಿಂದ ಬೇರು ಬಿಡುತ್ತವೆ, ಮೊದಲೆರಡು ನೀರಿನ ಲೋಟದಲ್ಲಿಟ್ಟರೂ ಸಾಕು. ಇಂಪೇಷನ್ಸ್ ಕಡ್ಡಿ ಈಸಿಕೊಳ್ಳುವಾಗ ಎಲೆಯ ಅಡಿಭಾಗ ತಿರುಗಿಸಿ ನೋಡಿ. ಬಿಳಿ ಬೂಷ್ಟು ಇದ್ದರೆ ಬೇಡ ಅನ್ನಿ, ಆ ರೋಗ ಮಣ್ಣಿನಲ್ಲಿ ಉಳಿದು ಮುಂದಿನ ವರ್ಷಕ್ಕೂ ಕಾಡುತ್ತದೆ. ಕುಂಡ ಸೂರಿನ ಕೆಳಗಿರಲಿ, ಸೂರಿನ ನೀರು ಬೀಳುವ ಜಾಗದಲ್ಲಿ ಬೇಡ. ಆಲ್ದೂರು ಸುತ್ತಮುತ್ತಲಿನವರಿಗೆ ಬೇಕಾದರೆ ಹಸ್ತ ಮಳೆ ಕಳೆದ ಮೇಲೆ ಕೇಳಿ, ಕೋಲಿಯಸ್ ಕಡ್ಡಿ ನಾನೇ ಕೊಡುತ್ತೇನೆ. ಪಕ್ಕದ ಮನೆಯವರು ಕೊಟ್ಟದ್ದು, ಹರಿವೆಯಲ್ಲ.