‘ಒಪ್ಪುವುದಿಲ್ಲ’ ಎನ್ನಲು ಸ್ಪ್ಯಾನಿಷ್‌ನಲ್ಲಿ ಯಾವ ಪದ?

ಇಂಗ್ಲಿಷ್‌ನ ಡಿಸಗ್ರೀ (ಒಪ್ಪದಿರು), ಅಪೋಸ್ (ವಿರೋಧಿಸು), ಆರ್ಗ್ಯೂ (ವಾದಿಸು, ಜಗಳವಾಡು). ನಿಘಂಟು ತೆರೆದರೆ ಒಂದೊಂದರ ಎದುರೂ ನಾಲ್ಕೈದು ಸ್ಪ್ಯಾನಿಷ್ ಪದಗಳು ಸಾಲಾಗಿ ನಿಂತಿರುತ್ತವೆ. ಯಾವುದನ್ನು ಎತ್ತಿಕೊಂಡರೂ ನಡೆಯುತ್ತದೆ ಅನ್ನಿಸುತ್ತದೆ, ನಡೆಯುವುದಿಲ್ಲ. ಒಂದೇ ವಾಕ್ಯದಲ್ಲಿ ಅವನ್ನು ಒಂದಾದ ಮೇಲೊಂದು ಕೂರಿಸಿ ನೋಡಿದರೆ ವ್ಯತ್ಯಾಸ ಕಾಣುತ್ತದೆ: ಭಿನ್ನಾಭಿಪ್ರಾಯ ಮನಸ್ಸಿನಲ್ಲೇ ಇದೆಯೋ, ಮಾತಿಗೆ ಬಂದಿದೆಯೋ, ಕೃತಿಗೆ ಇಳಿದಿದೆಯೋ ಎಂಬುದನ್ನು ಸ್ಪ್ಯಾನಿಷ್ ಬೇರೆ ಬೇರೆ ಪದಗಳಲ್ಲಿ ಹೇಳುತ್ತದೆ.

ಮೊದಲು ಡಿಸಗ್ರೀ. ‘ನೊ ಎಸ್ತೊಯ್ ದೆ ಅಕ್ವೆರ್ದೊ ಕೊಂತೀಗೊ’, ಅಂದರೆ ‘ನಿನ್ನ ಮಾತು ಒಪ್ಪುವುದಿಲ್ಲ’. ಮನೆ, ಕಚೇರಿ, ಪತ್ರ ಎಲ್ಲ ಕಡೆಗೂ ಸಲ್ಲುವ ರೂಪ ಇದೇ. ಇಲ್ಲಿ ಎರಡು ತಪ್ಪು ಮತ್ತೆ ಮತ್ತೆ ಆಗುತ್ತವೆ. ಎರಡೂ ಇಂಗ್ಲಿಷ್‌ನ ‘ಐ ಆಮ್’ ಆದ್ದರಿಂದ ‘ಎಸ್ತೊಯ್’ ಬದಲು ‘ಸೊಯ್’ ಹಾಕುವುದು ಒಂದು. ಇನ್ನೊಂದು ಹೆಚ್ಚು ಅಪಾಯದ್ದು: ಚುಟುಕಾಗಿ ಹೇಳಲು ಹೋಗಿ ‘ನೊ ಮೆ ಅಕ್ವೆರ್ದೊ’ ಎಂದುಬಿಡುವುದು. ಅದರ ಅರ್ಥ ‘ನನಗೆ ನೆನಪಿಲ್ಲ’. ಆಕ್ಷೇಪ ಎತ್ತಬೇಕಾದವರು ಮರೆತುಹೋಗಿದೆ ಎಂದಂತಾಗುತ್ತದೆ. ಧಾಟಿ ಮೆದುವಾಗಬೇಕಿದ್ದರೆ ‘ನೊ ಎಸ್ತೊಯ್ ದೆಲ್ ತೊದೊ ದೆ ಅಕ್ವೆರ್ದೊ’, ಪೂರ್ತಿ ಒಪ್ಪಿಗೆ ಇಲ್ಲ ಎಂದು.

ಇದಕ್ಕೆ ಪೈಪೋಟಿ ಕೊಡುವವು ‘ದಿಸ್ಕ್ರೆಪಾರ್’ ಮತ್ತು ‘ದಿಸೆಂತಿರ್’. ಎರಡೂ ಗಂಭೀರ ಬರವಣಿಗೆಯ ಪದಗಳು. ಊಟದ ಮೇಜಿನಲ್ಲಿ ಹೇಳಿದರೆ ಭಾಷಣ ಮಾಡಿದ ಹಾಗಿರುತ್ತದೆ. ಎರಡರ ನಂತರವೂ ‘ದೆ’ ಬರುತ್ತದೆ: ‘ದಿಸ್ಕ್ರೆಪೊ ದೆ ಎಸಾ ಒಪಿನಿಯೊನ್’, ಆ ಅಭಿಪ್ರಾಯವನ್ನು ಒಪ್ಪುವುದಿಲ್ಲ. ವ್ಯಕ್ತಿಯ ಜೊತೆ ಭಿನ್ನಮತ ಎನ್ನುವಾಗ ದಿಸ್ಕ್ರೆಪಾರ್‌ಗೆ ‘ಕೊನ್’ ಕೂಡ ಹೊಂದುತ್ತದೆ. ಆಯ್ಕೆ ಮಾಡಲೇಬೇಕಾದರೆ ದಿಸ್ಕ್ರೆಪಾರ್ ಮೇಲು, ಏಕೆಂದರೆ ಅದರ ರೂಪಗಳು ನೇರ. ದಿಸೆಂತಿರ್ ‘ದಿಸ್ಯೆಂತೊ’, ‘ದಿಸಿಂತಿಯೊ’ ಎಂದು ಒಳಗಿನ ಸ್ವರವನ್ನೇ ಬದಲಿಸಿಕೊಳ್ಳುತ್ತದೆ, ಅವಸರದಲ್ಲಿ ನಾಲಿಗೆ ತಪ್ಪುತ್ತದೆ. ಎರಡು ಲೆಕ್ಕಗಳು ಡಿಸಗ್ರೀ ಆದರೆ ‘ನೊ ಕೊಯಿನ್ಸಿದೆನ್’ ಸಾಕು, ತಾಳೆಯಾಗುವುದಿಲ್ಲ ಎಂದರ್ಥ. ಆಹಾರ ಡಿಸಗ್ರೀ ಆದರೆ ಈ ಪದಗಳಲ್ಲಿ ಒಂದೂ ಬೇಡ. ‘ಮೆ ಸ್ಯೆಂತಾ ಮಾಲ್’ ಎನ್ನಬೇಕು, ನಮ್ಮ ‘ಒಗ್ಗುವುದಿಲ್ಲ’ ಇದ್ದ ಹಾಗೆ.

ಅಪೋಸ್ ವಿಷಯದಲ್ಲಿ ಕನ್ನಡ, ಇಂಗ್ಲಿಷ್ ಎರಡೂ ದಾರಿ ತಪ್ಪಿಸುತ್ತವೆ. ‘ಯೋಜನೆಯನ್ನು ವಿರೋಧಿಸುತ್ತೇನೆ’ ಎಂದು ನಾವು ನೇರ ಕರ್ಮಪದ ಕೊಡುತ್ತೇವೆ. ಅದೇ ಅಭ್ಯಾಸದಲ್ಲಿ ‘ಒಪೊಂಗೊ ಎಲ್ ಪ್ಲಾನ್’ ಎಂದರೆ ವಾಕ್ಯ ಕೆಟ್ಟಿತು. ‘ಮೆ ಒಪೊಂಗೊ ಅಲ್ ಪ್ಲಾನ್’ ಆಗಬೇಕು: ಕ್ರಿಯಾಪದ ಆತ್ಮಾರ್ಥಕ (ಮಾಡುವವರನ್ನೇ ಸೂಚಿಸುವ ‘ಮೆ’ಯಂಥ ಪದ ಜೊತೆಗಿರುವ ರೂಪ), ನಂತರ ‘ಆ’, ಅದು ‘ಎಲ್’ ಜೊತೆ ಸೇರಿ ‘ಅಲ್’. ‘ಮೆ’ ಇಲ್ಲದ ‘ಒಪೊನೆರ್’ ಉಳಿದಿರುವುದು ‘ಒಪೊನೆರ್ ರೆಸಿಸ್ತೆನ್ಸಿಯಾ’, ಅಂದರೆ ಪ್ರತಿರೋಧ ಒಡ್ಡು ಎಂಬಂಥ ಕಡೆ. ‘ಎಸ್ತೊಯ್ ಎನ್ ಕೊಂತ್ರಾ ದೆಲ್ ಪ್ಲಾನ್’ ಇದಕ್ಕಿಂತ ಹಗುರ, ನಿಲುವನ್ನಷ್ಟೇ ಹೇಳುತ್ತದೆ. ಅಡ್ಡ ನಿಂತು ತಡೆಯುವ ಭಾವ ‘ಮೆ ಒಪೊಂಗೊ’ದ ಮೂಲರೂಪವಾದ ಒಪೊನೆರ್ಸೆಯಲ್ಲೇ ಹೆಚ್ಚು. ಎರಡರ ನಂತರವೂ ‘ಕೆ’ (ಉಪವಾಕ್ಯವನ್ನು ಜೋಡಿಸುವ ಪದ) ಬಂದರೆ ಸಬ್ಜಂಕ್ಟಿವ್, ಅಂದರೆ ಬಯಕೆ, ವಿರೋಧ, ಸಂದೇಹದಂಥವುಗಳ ನಂತರ ಬರುವ ಕ್ರಿಯಾರೂಪ, ಕಡ್ಡಾಯ: ‘ಮೆ ಒಪೊಂಗೊ ಆ ಕೆ ಸಿಯೆರ್ರೆನ್ ಲಾ ಬಿಬ್ಲಿಯೊತೆಕಾ’, ಗ್ರಂಥಾಲಯ ಮುಚ್ಚುವುದಕ್ಕೆ ನನ್ನ ವಿರೋಧ. ಸಾಮಾನ್ಯ ರೂಪವಾದ ‘ಸಿಯೆರ್ರಾನ್’ ಎಂದರೆ ತಪ್ಪು.

ಆರ್ಗ್ಯೂ ಅತ್ಯಂತ ಜಾರುವ ಜಾಗ. ‘ದಿಸ್ಕುತಿರ್’ ನೋಡಲು ಡಿಸ್ಕಸ್ ಹಾಗಿದೆ. ಆದರೆ ‘ಅನೋಚೆ ದಿಸ್ಕುತಿಮೊಸ್’ ಎಂದರೆ ಕೇಳಿದವರು ರಾತ್ರಿ ಜಗಳವಾಯಿತು ಎಂದೇ ತಿಳಿಯುತ್ತಾರೆ. ಬಜೆಟ್ ಬಗ್ಗೆ ಶಾಂತವಾಗಿ ಮಾತಾಡಿದ್ದಕ್ಕೆ ‘ಅಬ್ಲಾಮೊಸ್ ದೆಲ್ ಪ್ರೆಸುಪ್ವೆಸ್ತೊ’ ಸುರಕ್ಷಿತ. ಜಗಳ ಎಂಬ ನಾಮಪದಕ್ಕೆ ‘ದಿಸ್ಕುಸ್ಯೊನ್’; ‘ಅರ್ಗುಮೆಂತೊ’ ಎಂದೂ ಅಲ್ಲ, ಅದು ವಾದದ ಅಂಶ ಅಥವಾ ಸಿನಿಮಾದ ಕಥಾವಸ್ತು. ಇಂಥದ್ದು ಎಂದು ವಾದಿಸುತ್ತಾರೆ ಎನ್ನಲು ‘ಸೊಸ್ತೆನೆರ್ ಕೆ’ ಚೆನ್ನಾಗಿ ಕೂರುತ್ತದೆ.

ಇದೇ ಗುಂಪಿನ ಇನ್ನೆರಡು ಮೋಸದ ಪದಗಳು: ‘ಕೊಂತೆಸ್ತಾರ್’ ನೋಡಲು ಇಂಗ್ಲಿಷ್‌ನ ಕಂಟೆಸ್ಟ್ ಹಾಗಿದ್ದರೂ ಅದರ ಅರ್ಥ ಉತ್ತರಿಸು. ತೀರ್ಪನ್ನೋ ಚುನಾವಣಾ ಫಲಿತಾಂಶವನ್ನೋ ಪ್ರಶ್ನಿಸುವುದಕ್ಕೆ ‘ಇಂಪುಗ್ನಾರ್’ ಬೇಕು. ಕ್ರೀಡಾವರದಿಯಲ್ಲಿ ಪಂದ್ಯವನ್ನು ‘ದಿಸ್ಪುತಾರ್’ ಮಾಡಿದರು ಎಂದಿದ್ದರೆ ಅಲ್ಲಿ ವಿವಾದವೇನೂ ಇಲ್ಲ, ಪಂದ್ಯ ಆಡಿದರು ಅಷ್ಟೇ.

ಎದುರಾಳಿಗೆ ಆಟದಲ್ಲಿ ‘ರಿವಾಲ್’ ಅಥವಾ ‘ಕೊಂತ್ರಿನ್ಕಾಂತೆ’, ರಾಜಕೀಯದಲ್ಲಿ ‘ಅದ್ವೆರ್ಸಾರಿಯೊ’ ಅಥವಾ ‘ಒಪೊಸಿತೊರ್’. ಕೊನೆಯದರ ಬಗ್ಗೆ ಸ್ಪೇನ್‌ನಲ್ಲಿ ಎಚ್ಚರ ಬೇಕು. ಅಲ್ಲಿ ಸರ್ಕಾರಿ ಹುದ್ದೆಯ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ‘ಒಪೊಸಿಸ್ಯೊನೆಸ್’ ಎಂದೇ ಹೆಸರು, ಬರೆಯುವವರು ‘ಒಪೊಸಿತೊರೆಸ್’. ಸಂದರ್ಭ ಸ್ಪಷ್ಟವಿಲ್ಲದಿದ್ದರೆ ವಿರೋಧಿ ನಾಯಕ ಪರೀಕ್ಷಾರ್ಥಿಯಾಗಿ ಕಾಣುತ್ತಾನೆ.

ಇಂಗ್ಲಿಷ್‌ನ ಬಟ್ ಒಂದೇ. ಸ್ಪ್ಯಾನಿಷ್‌ನಲ್ಲಿ ‘ಪೆರೊ’, ‘ಸಿನೊ’ ಎರಡು. ಇಲ್ಲಿ ಕನ್ನಡವೇ ಕೈಹಿಡಿಯುತ್ತದೆ. ವಾಕ್ಯವನ್ನು ಕನ್ನಡದಲ್ಲಿ ಹೇಳಿ ನೋಡಿ: ‘ಆದರೆ’ ಸಹಜವಾಗಿ ಬಂದರೆ ಪೆರೊ, ‘ಅದಲ್ಲ, ಇದು’ ಎಂದು ಮೊದಲಿನದನ್ನು ತೆಗೆದು ಬೇರೊಂದನ್ನು ಇಡುತ್ತಿದ್ದರೆ ಸಿನೊ. ‘ನೊ ಎಸ್ ರೊಹೊ, ಸಿನೊ ಅಸುಲ್’, ಕೆಂಪಲ್ಲ, ನೀಲಿ. ಹಾಗೆ ಇಡುತ್ತಿರುವುದು ಕಾಲಸೂಚಕ ಕ್ರಿಯಾಪದವಾದರೆ ನಡುವೆ ‘ಕೆ’ ಸೇರಲೇಬೇಕು: ‘ನೊ ಪ್ರೊತೆಸ್ತೊ, ಸಿನೊ ಕೆ ಸೆ ಫ್ವೆ’. ಪ್ರತಿಭಟಿಸಲಿಲ್ಲ, ಎದ್ದು ಹೋದಳು.