ಕುಗ್ಗಿದ ಕೊನೆಯ ಸಾಲು: ಹಳೆಯ ಟರ್ಮಿನಲ್ ಒಂದರ ದೀರ್ಘಕಾಲದ ಬಳಕೆ

1980ರ ದಶಕದ 12 ಅಂಗುಲದ ಏಕವರ್ಣ ಟರ್ಮಿನಲ್ (ಬೇರೊಂದು ಕಂಪ್ಯೂಟರಿಗೆ ಜೋಡಿಸಿ ಬಳಸುವ ಪರದೆ ಮತ್ತು ಕೀಲಿಮಣೆ) ಒಂದನ್ನು ಸೀರಿಯಲ್ ಕೇಬಲ್ ಮೂಲಕ ಲಿನಕ್ಸ್ ಯಂತ್ರಕ್ಕೆ ಜೋಡಿಸಿಕೊಂಡು ನಾನು ವರ್ಷಗಳಿಂದ ಬರೆಯುತ್ತಿದ್ದೇನೆ. ಇಂಥ ಟರ್ಮಿನಲ್‌ಗಳ ಕೀಲಿಮಣೆಯ ಬಗ್ಗೆ ಬೇಕಾದಷ್ಟು ಬರೆದವರಿದ್ದಾರೆ. ನಾನು ಚಿತ್ರದ ಆಕಾರದ ಬಗ್ಗೆ ಮಾತ್ರ ಬರೆಯುತ್ತೇನೆ, ಏಕೆಂದರೆ ನನ್ನನ್ನು ಅತ್ಯಂತ ಕಾಡಿದ್ದೂ ಕೊನೆಗೆ ಅತ್ಯಂತ ಸಂತೋಷಪಡಿಸಿದ್ದೂ ಅದೇ.

ಪ್ರತಿದಿನ ಬೆಳಿಗ್ಗೆ ಸ್ವಿಚ್ ಒತ್ತಿ, ಟ್ಯೂಬು ಬೆಚ್ಚಗಾದ ಮೇಲೆ, ಮೊದಲು ಎಸ್ಕೇಪ್, ಹ್ಯಾಶ್, 8 ಎಂಬ ಮೂರು ಸಂಕೇತಗಳನ್ನು ಟರ್ಮಿನಲ್‌ಗೆ ಕಳುಹಿಸುತ್ತೇನೆ. ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ 1978ರಲ್ಲಿ ಹೊರತಂದ ವಿಟಿ100ರಲ್ಲಿದ್ದ ಈ ಆದೇಶವನ್ನು ಅದರ ಹಾದಿಯಲ್ಲಿ ಬಂದ ಅನೇಕ ಟರ್ಮಿನಲ್‌ಗಳು ಉಳಿಸಿಕೊಂಡಿವೆ. ಅದು ತಲುಪಿದೊಡನೆ 24 ಸಾಲು, 80 ಅಂಕಣಗಳ ಪರದೆಯ ತುಂಬ ಇಂಗ್ಲಿಷಿನ ದೊಡ್ಡ ‘ಇ’ ಅಕ್ಷರ 1920 ಸಲ ಮೂಡುತ್ತದೆ. ಒಂದು ನಿಲುಗೆರೆ, ಮೂರು ಅಡ್ಡಗೆರೆಗಳಿರುವ ಅಕ್ಷರವಾದ್ದರಿಂದ ಎತ್ತರದ ಏರುಪೇರು, ಅಗಲದ ಏರುಪೇರು, ಮೂಲೆಗಳ ಮಸುಕು ಎಲ್ಲವೂ ಒಂದೇ ನೋಟಕ್ಕೆ ಸಿಗುತ್ತವೆ. ಪರದೆಯ ಮೇಲೊಂದು ಸಣ್ಣ ಅಳತೆಪಟ್ಟಿ ಹಿಡಿದು ಮೊದಲ ಸಾಲನ್ನೂ ಕೊನೆಯ ಸಾಲನ್ನೂ ಹೋಲಿಸಿ ನೋಡಿದ ನಂತರವೇ ಲಾಗಿನ್ ಆಗುತ್ತೇನೆ.

ಈ ಅಭ್ಯಾಸದಿಂದಲೇ ದೋಷ ಕಣ್ಣಿಗೆ ಬಿತ್ತು. ಕೆಳಗಿನ ಕೆಲವು ಸಾಲುಗಳು ಒಂದರ ಮೇಲೊಂದು ಒತ್ತಿಕೊಂಡು, ಮೇಲಿನ ಸಾಲುಗಳು ಉದ್ದುದ್ದ ನಿಲ್ಲತೊಡಗಿದವು. ಯಂತ್ರ ತಣ್ಣಗಿದ್ದಾಗ ಹೆಚ್ಚಾಗಿರುತ್ತಿದ್ದ ಈ ಸೊಟ್ಟು ಅರ್ಧ ಗಂಟೆಯಲ್ಲಿ ಬಹುಮಟ್ಟಿಗೆ ಸರಿಹೋಗುತ್ತಿತ್ತು. ಎಲೆಕ್ಟ್ರೋಲೈಟಿಕ್ ಕೆಪಾಸಿಟರ್ (ಒಳಗೆ ದ್ರವವಿರುವ, ವಿದ್ಯುತ್ ಹಿಡಿದಿಡುವ ಬಿಡಿಭಾಗ) ಒಣಗುತ್ತಿದೆ ಎನ್ನಲು ಇದಕ್ಕಿಂತ ಒಳ್ಳೆಯ ಗುರುತು ಬೇಕಿಲ್ಲ: ಒಳಗಿನ ದ್ರವ ಕಡಿಮೆಯಾದಂತೆ ಅದರ ಆಂತರಿಕ ರೋಧ ಹೆಚ್ಚುತ್ತದೆ, ಬಿಸಿಯಾದಾಗ ಸ್ವಲ್ಪ ಇಳಿಯುತ್ತದೆ. ಚಿತ್ರ ಬರೆಯುವ ಎಲೆಕ್ಟ್ರಾನ್ ಕಿರಣವನ್ನು ಬಾಗಿಸುವ ಯೋಕ್‌ನ ಲಂಬ ಸುರುಳಿಗೆ (ಕಿರಣವನ್ನು ಮೇಲಿನಿಂದ ಕೆಳಕ್ಕೆ ಸಾಗಿಸುವ ಸುರುಳಿ) ಹೋಗುವ ಪ್ರವಾಹ ಈ ಕೆಪಾಸಿಟರ್ ಮೂಲಕವೇ ಸಾಗುವುದರಿಂದ, ಅದು ಬಳಲಿದರೆ ಕಿರಣ ಸಮವೇಗದಲ್ಲಿ ಕೆಳಗಿಳಿಯದೆ ಚಿತ್ರ ಕುಗ್ಗುತ್ತದೆ.

ಇಲ್ಲಿ ನನಗೆ ತಯಾರಕರ ಮೇಲೆ ನಿಜವಾದ ಅಸಮಾಧಾನವಿದೆ. ಸದಾ ಸುಡುವ ಹೀಟ್‌ಸಿಂಕ್‌ಗೆ (ಶಾಖ ಹೊರಹಾಕುವ ಲೋಹದ ತುಂಡು) ತಾಗಿಕೊಂಡಂತೆ 85 ಡಿಗ್ರಿ ಗುರುತಿನ ಕೆಪಾಸಿಟರನ್ನು ಕೂರಿಸಿದ್ದು ಅದರ ಆಯುಸ್ಸನ್ನು ಮೊದಲೇ ಮೊಟಕುಗೊಳಿಸಿದಂತೆ. ಬೋರ್ಡಿನ ಮೇಲೆ ಬೇಕಾದಷ್ಟು ಖಾಲಿ ಜಾಗವಿತ್ತು.

ಇಂಥ ದೋಷ ಕಂಡಾಗ ಹೆಚ್ಚಿನವರು ಕೊಡುವ ಸಲಹೆ ಹೈಟ್ ಮತ್ತು ಲಿನಿಯಾರಿಟಿ ಪ್ರಿಸೆಟ್‌ಗಳನ್ನು (ಚಿತ್ರದ ಎತ್ತರವನ್ನೂ ಸಾಲುಗಳ ಸಮತೆಯನ್ನೂ ಹೊಂದಿಸುವ ಒಳಗಿನ ಸಣ್ಣ ತಿರುಗುಣಿಗಳು) ತಿರುಗಿಸಿ ಎಂಬುದು. ನಾನು ಅದನ್ನು ಒಪ್ಪುವುದಿಲ್ಲ. ಒಣಗುತ್ತಿರುವ ಭಾಗಕ್ಕೆ ಹೊಂದಿಕೆಯಾಗುವಂತೆ ಇಂದು ತಿರುಗಿಸಿದ್ದನ್ನು ಕೆಲವು ತಿಂಗಳ ನಂತರ ಮತ್ತೆ ತಿರುಗಿಸಬೇಕಾಗುತ್ತದೆ, ಅಷ್ಟರಲ್ಲಿ ಕಾರ್ಖಾನೆಯ ಮೂಲ ಸ್ಥಾನದ ಗುರುತೂ ಕಳೆದುಹೋಗಿರುತ್ತದೆ. ಮೊದಲು ಆ ಆಂತರಿಕ ರೋಧವನ್ನು ಅಳೆಯುವ ಇಎಸ್‌ಆರ್ ಮೀಟರಿನಿಂದ ಕೆಪಾಸಿಟರ್‌ಗಳನ್ನು ಅಳೆದು, ಕೆಟ್ಟವನ್ನು ಅದೇ ಮೈಕ್ರೋಫ್ಯಾರಡ್, ಅಷ್ಟೇ ಅಥವಾ ಹೆಚ್ಚಿನ ವೋಲ್ಟೇಜ್, 105 ಡಿಗ್ರಿ ಗುರುತಿನವುಗಳಿಂದ ಬದಲಾಯಿಸಿ, ಯೋಕ್ ಕನೆಕ್ಟರ್‌ನ ಬಿರುಕುಬಿಟ್ಟ ಬೆಸುಗೆಗಳನ್ನು ಮತ್ತೆ ಹಾಕಿ, ಆಮೇಲಷ್ಟೇ ಪ್ರಿಸೆಟ್ ಮುಟ್ಟಬೇಕು. ಅಡ್ಡ ಸುರುಳಿಯ ಸರಣಿಯಲ್ಲಿರುವ ಫಿಲ್ಮ್ ಕೆಪಾಸಿಟರ್ ಬೇರೆಯೇ ಜಾತಿಯದು. ಅದರ ಜಾಗಕ್ಕೆ ಸಾಮಾನ್ಯ ಎಲೆಕ್ಟ್ರೋಲೈಟಿಕ್ ಹಾಕಲೇಬಾರದು.

ಪ್ಲಗ್ ಕಿತ್ತ ಮೇಲೂ ಪಿಕ್ಚರ್ ಟ್ಯೂಬಿನಲ್ಲಿ 10,000 ವೋಲ್ಟ್ ಮೀರಿದ ವಿದ್ಯುತ್ ಉಳಿದಿರಬಹುದು. ಅದನ್ನು ಟ್ಯೂಬಿನ ಹೊರಮೈಯ ಗ್ರೌಂಡ್ ತಂತಿಗೇ ಇಳಿಸಬೇಕು. ಈ ಕೆಲಸವನ್ನು ಬಲ್ಲವರ ಪಕ್ಕದಲ್ಲಿ ನಿಂತು ಕಲಿಯದವರು ಕವಚ ಬಿಚ್ಚದಿರುವುದೇ ಒಳ್ಳೆಯದು.

ಕೆಪಾಸಿಟರ್ ಬದಲಾದ ಮೇಲೆ ಮೂಲ ಪ್ರಿಸೆಟ್ ಸ್ಥಾನದಲ್ಲೇ 24 ಸಾಲುಗಳೂ ಸಮನಾಗಿ ನಿಂತವು. ಆ ಬೆಳಿಗ್ಗೆ ಅಳತೆಪಟ್ಟಿ ಹಿಡಿದಾಗ ಆದ ಸಂತೋಷ ದೊಡ್ಡದು. ತಯಾರಕರ ಮೇಲಿನ ಸಿಟ್ಟೂ ಅಲ್ಲಿಗೆ ತಗ್ಗಿತು, ಏಕೆಂದರೆ ಅಷ್ಟು ಹಿಂದೆ ಯಾರೋ ಕೂರಿಸಿದ ಹೊಂದಾಣಿಕೆ ಇನ್ನೂ ಸರಿಯಾಗಿತ್ತು.

ಅಂಚುಗಳ ಸಣ್ಣ ನಡುಕ ಮಾತ್ರ ಉಳಿಯಿತು. ಟರ್ಮಿನಲ್ಲನ್ನು ಮೇಜಿನ ಮೇಲೆ ತಿರುಗಿಸಿದಾಗ ನಡುಕ ಬದಲಾದ್ದರಿಂದ ಕಾರಣ ಹೊರಗಿನದೆಂದು ತಿಳಿಯಿತು: ಪಕ್ಕದ ಟ್ರಾನ್ಸ್‌ಫಾರ್ಮರಿನ 50 ಹರ್ಟ್ಸ್ ಕಾಂತಕ್ಷೇತ್ರ, ಸೆಕೆಂಡಿಗೆ 60 ಸಲ ಮೂಡುವ ಚಿತ್ರವನ್ನು 10 ಸಲ ಅಲುಗಿಸುತ್ತಿತ್ತು. ಟ್ರಾನ್ಸ್‌ಫಾರ್ಮರನ್ನು ದೂರವಿಟ್ಟೆ, ನಡುಕ ನಿಂತಿತು. ಬೆಳಕು ಹೆಚ್ಚಿಸಿದಾಗ ಇಡೀ ಚಿತ್ರ ತುಸು ಹಿಗ್ಗುವುದು ಈಗಲೂ ಇದೆ. ಕಿರಣದ ಪ್ರವಾಹ ಹೆಚ್ಚಿದಂತೆ ಎಲೆಕ್ಟ್ರಾನುಗಳನ್ನು ಪರದೆಯತ್ತ ಎಳೆಯುವ ಆನೋಡ್ ವೋಲ್ಟೇಜ್ ಕುಸಿದು, ನಿಧಾನವಾದ ಎಲೆಕ್ಟ್ರಾನುಗಳು ಹೆಚ್ಚು ಬಾಗುತ್ತವೆ. ನಾನು ಮಬ್ಬು ಬೆಳಕಿನಲ್ಲಿ ಬರೆಯುವವನಾದ್ದರಿಂದ ಇದು ನನಗೆ ತೊಂದರೆಯಲ್ಲ. ಬಿಸಿಲಿನ ಕೋಣೆಯಲ್ಲಿ ಕೆಲಸ ಮಾಡುವವರಿಗೆ ಈ ಟರ್ಮಿನಲ್ಲನ್ನು ಶಿಫಾರಸು ಮಾಡಲಾರೆ.

ಬಳಸಿದ ಟರ್ಮಿನಲ್ ಕೊಳ್ಳಲು ಹೋಗುವವರು ತಣ್ಣಗಿರುವ ಯಂತ್ರವನ್ನು ತಮ್ಮ ಎದುರಿಗೇ ಚಾಲೂ ಮಾಡಿಸಿ, ಪರದೆಯ ತುಂಬ ಅಕ್ಷರ ಮೂಡಿಸಿ, ಮೊದಲ ಐದು ನಿಮಿಷ ಕೆಳಗಿನ ಸಾಲುಗಳನ್ನೇ ನೋಡಲಿ. ಮಾರುವವರು ಮೊದಲೇ ಬಿಸಿ ಮಾಡಿಟ್ಟಿದ್ದರೆ ಅದು ತಣಿಯುವವರೆಗೂ ಕಾಯಲಿ.