ಖಾಲಿ ಫಾರಂಗೆ ಸೈನ್ ಹಾಕಬೇಡಿ, ನಾನು ಹಾಕಿ ಕೆಟ್ಟೆ

ಅಪ್ಪನನ್ನು ಆಂಜಿಯೋಗ್ರಾಂಗೆ (ಹೃದಯದ ರಕ್ತನಾಳದಲ್ಲಿ ಬ್ಲಾಕ್ ಇದೆಯಾ ಅಂತ ನೋಡುವ ಪರೀಕ್ಷೆ) ಅಂತ ಸೇರಿಸಿದ್ದೆವು. ಹಾರ್ಟ್ ಅಟ್ಯಾಕ್ ಏನೂ ಆಗಿರಲಿಲ್ಲ, ಮೆಟ್ಟಿಲು ಹತ್ತಿದರೆ ಎದೆ ಹಿಡಿದಂತಾಗುತ್ತಿತ್ತು, ಟ್ರೆಡ್‌ಮಿಲ್ ಮೇಲೆ ನಡೆಸಿ ಹೃದಯ ನೋಡುವ ಟಿಎಂಟಿ ಪರೀಕ್ಷೆ ಸರಿ ಬರಲಿಲ್ಲ, ಅಷ್ಟೇ. ಹಿಂದಿನ ರಾತ್ರಿ ಹತ್ತೂವರೆಗೆ ಸಿಸ್ಟರ್ ಫೈಲ್ ತಂದರು. ಸೈನ್ ಮಾಡುವ ಕಡೆಯೆಲ್ಲ ಪೆನ್ಸಿಲ್ ಟಿಕ್. ಒಪ್ಪಿಗೆ ಫಾರಂ ಇಂಗ್ಲಿಷ್‌ನಲ್ಲಿ, ಏನು ಮಾಡ್ತಾರೆ ಅಂತ ಬರೆಯುವ ಗೆರೆ ಖಾಲಿ. "ಬೇಗ ಸರ್, ಇನ್ನೂ ಆರು ಪೇಷಂಟ್ ಇದ್ದಾರೆ" ಅಂದರು. ಸುಮ್ನೆ ಹಾಕಿದೆ. ಸಾಕ್ಷಿಯ ಜಾಗದಲ್ಲಿ ಅವರ ಸೈನ್ ಆಗಲೇ ಇತ್ತು, ನಾನು ಪೆನ್ನು ಹಿಡಿಯುವ ಮೊದಲೇ! ಅಪ್ಪ ಪಕ್ಕದಲ್ಲೇ ಕೂತು ಮೊಸರನ್ನ ತಿನ್ನುತ್ತಿದ್ದರು. ಅವರನ್ನು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಬೆಳಿಗ್ಗೆ ಆಂಜಿಯೋಗ್ರಾಂ ಮಾಡುವ ಕೋಣೆಯಿಂದ (ಕ್ಯಾತ್ ಲ್ಯಾಬ್) ಒಬ್ಬರು ಹೊರಗೆ ಬಂದು "ಬ್ಲಾಕ್ ಇದೆ, ಸ್ಟೆಂಟ್ ಹಾಕ್ತಾ ಇದ್ದಾರೆ, ದುಡ್ಡು ಕಟ್ಟಿ ಬನ್ನಿ" ಅಂದರು. ಸ್ಟೆಂಟ್ ಅಂದರೆ ರಕ್ತನಾಳ ತೆರೆದೇ ಇರಲಿ ಅಂತ ಒಳಗೆ ಕೂರಿಸುವ ಸಣ್ಣ ಜಾಲರಿ ಕೊಳವೆ. ಗಾಬರಿಯಲ್ಲಿ ಕೌಂಟರ್‌ಗೆ ಓಡಿದೆ. ಈಗ ನೆನೆದರೆ ಮೈ ಉರಿಯುತ್ತದೆ. ಅಪ್ಪನಿಗೆ ಮಣಿಕಟ್ಟಿನ ಹತ್ತಿರ ಮಾತ್ರ ಮರಗಟ್ಟುವ ಇಂಜೆಕ್ಷನ್ ಕೊಟ್ಟಿದ್ದರು, ಪೂರ್ತಿ ಎಚ್ಚರವಾಗಿದ್ದರು, ಪಕ್ಕದ ಟಿವಿಯಲ್ಲಿ ತಮ್ಮ ಹೃದಯವನ್ನೇ ನೋಡುತ್ತಾ ಮಲಗಿದ್ದರಂತೆ.

ಅವರನ್ನು ಕೇಳಿದ್ದರೆ ಹೇಳುತ್ತಿದ್ದರು: ಮುಂದಿನ ತಿಂಗಳು ಹರ್ನಿಯಾ ಆಪರೇಷನ್‌ಗೆ ದಿನ ಗೊತ್ತು ಮಾಡಿ ಆಗಿದೆ ಅಂತ. ಸ್ಟೆಂಟ್ ಹಾಕಿದ ಮೇಲೆ ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆಗಳನ್ನು ತಿಂಗಳುಗಟ್ಟಲೆ ಬಿಡುವ ಹಾಗಿಲ್ಲ, ಆಪರೇಷನ್ ಮುಂದಕ್ಕೆ ಹೋಯಿತು. ತಮಾಷೆ ನೋಡಿ, ಅಡ್ಮಿಟ್ ಮಾಡುವಾಗ ಅದೇ ಸಿಸ್ಟರ್ ಹರ್ನಿಯಾ ವಿಷಯ ಕೇಳಿ ಬರೆದುಕೊಂಡಿದ್ದರು, ಫೈಲಿನ ಎರಡನೇ ಹಾಳೆಯಲ್ಲೇ ಇದೆ.

ಸ್ಟೆಂಟ್ ಬೇಕಿರಲಿಲ್ಲ ಅಂತ ನಾನು ಹೇಳುತ್ತಿಲ್ಲ. ಅಟ್ಯಾಕ್ ಆಗಿದ್ದರೆ ಪ್ರಶ್ನೆ ಕೇಳುತ್ತಾ ಕೂರಲೂ ಬೇಡಿ. ಆದರೆ ನಮಗೆ ಟೈಮ್ ಇತ್ತು ಅಲ್ವಾ?

ಡಿಸ್ಚಾರ್ಜ್ ದಿನ ಇನ್ನೊಬ್ಬ ಹಿರಿಯ ಸಿಸ್ಟರ್ ಮೆಲ್ಲಗೆ ಹೇಳಿದರು: "ವಿವರಿಸಬೇಕಾದವರು ಡಾಕ್ಟ್ರು. ಪೇಷಂಟಿಗೆ ಅರ್ಥ ಆಗಿಲ್ಲ ಅಂದ್ರೆ ನಾವು ಡಾಕ್ಟ್ರನ್ನ ವಾಪಸ್ ಕರೀಬೇಕು. ನೈಟ್ ಡ್ಯೂಟೀಲಿ ಒಬ್ಬಳೇ ಇದ್ರೆ ಯಾರನ್ನ ಕರೆಯೋದು?" ಅರ್ಧ ಸಿಟ್ಟು ಅಲ್ಲೇ ಇಳಿಯಿತು.

ಉಳಿದರ್ಧ ಫೈಲಿನ ಜೆರಾಕ್ಸ್ ನೋಡಿದಾಗ ಮತ್ತೆ ಏರಿತು. ಖಾಲಿ ಗೆರೆಯಲ್ಲಿ ಆಂಜಿಯೋಪ್ಲಾಸ್ಟಿ (ಬ್ಲಾಕ್ ಬಿಡಿಸಿ ಸ್ಟೆಂಟ್ ಹಾಕುವ ಚಿಕಿತ್ಸೆ) ಅಂತಲೂ ಬರೆದಿದ್ದರು, ಬೇರೆ ಕೈಬರಹದಲ್ಲಿ. (ಜೆರಾಕ್ಸ್ ಕೇಳಲು ಹೆದರಬೇಡಿ, ಕೇಳಿದ 72 ಗಂಟೆಯೊಳಗೆ ಕೊಡಬೇಕು ಅಂತ 2002ರ ವೈದ್ಯಕೀಯ ಮಂಡಳಿ ನಿಯಮವೇ ಇದೆ.) 2008ರಲ್ಲಿ ಸಮೀರಾ ಕೊಹ್ಲಿ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ: ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೂ ಕೊಟ್ಟಂತಲ್ಲ. ಆಕೆಗೆ ಅರಿವಳಿಕೆ ಕೊಟ್ಟಿದ್ದಾಗ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ ತೆಗೆದಿದ್ದರು, ಅದು ಕೂಡ ನಡೆಯಲ್ಲ ಅಂದಿತು ಕೋರ್ಟ್. ಎರಡಕ್ಕೂ ಒಟ್ಟಿಗೆ ಒಪ್ಪಿಗೆ ತಗೋಬಹುದು, ಆದರೆ ಮೊದಲೇ ತಿಳಿಸಿ. ಹಾಗಾಗಿ ಖಾಲಿ ಗೆರೆ ಕಂಡರೆ ಅಲ್ಲೇ ಬರೆಸಿ. ಕನ್ನಡದಲ್ಲಿ ಹೇಳಿಸಿ, ನಿಮಗಲ್ಲ, ಮಂಚದ ಮೇಲಿರುವವರಿಗೆ.

ಅಪ್ಪ ಹರ್ನಿಯಾ ಬೆಲ್ಟ್ ಕಟ್ಟಿಕೊಂಡೇ ತೋಟಕ್ಕೆ ಹೋಗುತ್ತಾರೆ. ಮೊನ್ನೆ ಬೇರೆ ಕಡೆ ಬಿಪಿ ತೋರಿಸಲು ಹೋದಾಗ ಅಲ್ಲಿಯ ಸಿಸ್ಟರ್ ನನ್ನ ಕಡೆ ತಿರುಗಿ "ಇವರಿಗೆ ಶುಗರ್ ಇದೆಯಾ?" ಅಂದರು.

"ನನ್ನನ್ನೇ ಕೇಳಮ್ಮ" ಅಂದರು ಅಪ್ಪ.